ಹೇಳಬಾರದ ಮೂರಕ್ಷರ

ಮೊದಲೇ ಹೇಳಿಬಿಡುತ್ತೇನೆ. ಹುಮನಾಬಾದಿನಲ್ಲಿ ನನ್ನಷ್ಟು ದುಂಡಗೆ ಅಕ್ಷರ ಬರೆಯುವ ಪೇಂಟರ್ ಇನ್ನೊಬ್ಬ ಇರಲಿಲ್ಲ. ಇದ್ದನೆಂದು ಯಾರಾದರೂ ಹೇಳಿದರೆ, ಅವನು ನನ್ನ ಹತ್ತಿರವೇ ಕಲಿತವನು, ಅದೂ ಅರ್ಧ ಕಲಿತು ಓಡಿಹೋದವನು ಎಂದು ತಿಳಿಯಿರಿ. ಮನ್ನಾಏಖೇಳ್ಳಿಯ ಹಾರ್ಡ್‌ವೇರ್ ಅಂಗಡಿಯಿಂದ ಹಿಡಿದು ರಾಜೇಶ್ವರದ ಹಿಟ್ಟಿನ ಗಿರಣಿಯವರೆಗೆ ಆ ಕಾಲದ ಬೋರ್ಡುಗಳೆಲ್ಲ ನನ್ನ ಕೈಯವೇ. ಬಸ್ಸಿನ ಮುಂಗಾಜಿನ ಹಿಂದೆ ನಿಲ್ಲಿಸುತ್ತಿದ್ದರಲ್ಲ, ಊರ ಹೆಸರಿನ ತಗಡು, ಅವನ್ನೂ ನಾನೇ ಬರೆದುಕೊಡುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಫ್ಲೆಕ್ಸ್ ಬಂತು. ಈಗ ಬೋರ್ಡ್ ತುಂಬ ಪುಢಾರಿಗಳ ಹಲ್ಲು ಕಾಣುತ್ತವೆ, ಅಕ್ಷರವನ್ನು ಹುಡುಕಬೇಕು.

ಕೈ ಎಷ್ಟು ದುಂಡಗಿತ್ತೋ ಬುದ್ಧಿ ಅಷ್ಟೇ ಸೊಟ್ಟಗಿತ್ತು. ಬಸ್ ಸ್ಟ್ಯಾಂಡ್ ಎದುರಿನ ಕ್ಷೌರದಂಗಡಿಗೆ ‘ಇಲ್ಲಿ ತಲೆಗೂದಲು ತೆಗೆಯಲಾಗುವುದು’ ಎಂದು ಬರೆಯಬೇಕಿತ್ತು. ನಾನು ಕೂದಲನ್ನು ನುಂಗಿ ‘ಇಲ್ಲಿ ತಲೆ ತೆಗೆಯಲಾಗುವುದು’ ಎಂದು ಬರೆದು ತೂಗುಹಾಕಿ ಬಂದೆ. ಸಂಜೆಯ ಹೊತ್ತಿಗೆ ಅರ್ಧ ಊರು ಆ ಅಂಗಡಿಯ ಮುಂದೆ ನಗುತ್ತ ನಿಂತಿತ್ತು. ಅಂಗಡಿಯವನು ಸಾಬೂನಿನ ಬ್ರಷ್ ಹಿಡಿದುಕೊಂಡೇ ನನ್ನ ಬೆನ್ನು ಹತ್ತಿದ್ದೂ ನಿಜ, ಗಿರಾಕಿ ಹೆಚ್ಚಾದ ಮೇಲೆ ನನಗೆ ಪುಕ್ಕಟೆ ಗಡ್ಡ ಕೆರೆದದ್ದೂ ನಿಜ.

ಇಂಥವನ ಕೈಗೆ ತೊಂಬತ್ತರ ದಶಕದ ನಡುವೆ ಸಾಕ್ಷರತಾ ಆಂದೋಲನದವರು ಒಂದು ಹೆಂಗಸರ ತರಗತಿಯನ್ನು ಒಪ್ಪಿಸಿದರು. ಸುದ್ದಿ ಕೇಳಿ ನನ್ನ ಹೆಂಡತಿ ಹಣೆ ಬಡಿದುಕೊಂಡಳು.

“ನಿಮ್ಮ ಕೈಯಾಗ ಕಲ್ತರ ಆ ಹೆಣ್ಮಕ್ಕಳು ಪಾರಾಗ್ತಾರೇನ್ರಿ? ಮೊದಲ ಆ ಮಜಾಕ್ ಬಿಡ್ರಿ.”

“ಮಜಾಕ್ ಬಿಟ್ರ ನನ್ನ ಹಂತ್ಯಾಕ ಉಳಿಯೋದು ಏನದ?” ಎಂದೆ.

ನಮ್ಮ ಓಣಿಯ ಹನುಮಂತದೇವರ ಗುಡಿಯ ಕಟ್ಟೆಯೇ ಶಾಲೆ. ಹೊಲದ ಕೆಲಸ ಮುಗಿಸಿ, ರೊಟ್ಟಿ ಬಡಿದಿಟ್ಟು, ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಎಲ್ಲರಿಗೂ ನಾನು ಪೇಂಟರಣ್ಣ. ನಮ್ಮ ತರಗತಿಗಳನ್ನು ನೋಡಿಕೊಳ್ಳಲು ಒಬ್ಬ ಮೇಡಂ ಇದ್ದರು. ಬಸವಕಲ್ಯಾಣದವರು, ನನ್ನ ಮಗಳ ವಯಸ್ಸು, ವಾರಕ್ಕೊಮ್ಮೆ ಬಸ್ಸಿಗೆ ಬರುತ್ತಿದ್ದರು. ಮೊದಲ ಸಲ ಬಂದಾಗಲೇ ಒಂದು ದೊಡ್ಡ ಹಾಳೆಯನ್ನು ಗುಡಿಯ ಗೋಡೆಗೆ ಅಂಟಿಸಿದರು. ಕಲಿಕೆಯ ಮಟ್ಟಗಳಂತೆ ಅವು. ಮೊದಲ ಮಟ್ಟಕ್ಕೆ ಏನು ಓದಲು, ಬರೆಯಲು ಬರಬೇಕು, ಎರಡನೆಯದಕ್ಕೆ ಏನು, ಮೂರನೆಯದಕ್ಕೆ ಏನು, ಎಲ್ಲ ಮೆಟ್ಟಿಲು ಮೆಟ್ಟಿಲಾಗಿ ಅಚ್ಚಾಗಿತ್ತು. ಅಚ್ಚಿನ ಅಕ್ಷರ ನನ್ನಷ್ಟು ಚೆನ್ನಾಗಿರಲಿಲ್ಲ.

“ಇದನ್ನ ಮ್ಯಾಲಿಂದ ಕೆಳಗ ಬಾಯಿಪಾಠ ಮಾಡಸ್ಬೇಕೇನ್ರಿ ಮೇಡಂ?” ಎಂದು ಕೆಣಕಿದೆ.

“ಬ್ಯಾಡ್ರಿ ಕಾಕಾ. ಮೊದಲ ಒಬ್ಬೊಬ್ಬರಿಗೂ ಕೇಳ್ರಿ, ಅಕ್ಷರ ಕಲ್ತು ಏನ್ ಮಾಡ್ಬೇಕಂತೀರಿ ಅಂತ. ಅವರು ಹೇಳಿದ್ದು ಹಿಡ್ಕೊಂಡು ಕಲಸ್ರಿ. ಕಲಿಯೋದು ಬರಾಬರ್ ನಡದದೋ ಇಲ್ಲೋ ಅಂತ ನೋಡ್ಕೊಳ್ಳಾಕ ಈ ಹಾಳಿ.”

ಸರಿ, ಕೇಳಿದೆ. ಹಲ್ಲಿಲ್ಲದ ಒಬ್ಬ ಮುದುಕಿ ಮೊದಲು ಬಾಯಿ ಬಿಟ್ಟಳು. “ಹೆಬ್ಬಟ್ಟ ಒತ್ತಿದಾಗೆಲ್ಲ ಮಸಿ ಸೆರಗಿಗಿ ಹತ್ತತದೋ ಪೇಂಟರಣ್ಣಾ. ಸೀರಿ ಹಾಳಾಗಬಾರದು, ಅದಕ್ಕ ಸಹಿ ಕಲಸು.”

ಹೊಸದಾಗಿ ಸೊಸೆಯಾಗಿ ಬಂದವಳೊಬ್ಬಳು ತಗ್ಗಿದ ದನಿಯಲ್ಲಿ, “ಔಷಧಿ ಶೀಶೆ ಮ್ಯಾಲಿಂದು ಓದಾಕ ಬರಬೇಕ್ರಿ. ಹೋದ ವಾರ ಹಚ್ಚೋ ಎಣ್ಣಿ ನಮ್ಮತ್ತಿಗಿ ಕುಡಸಿಬಿಟ್ಟೆ,” ಎಂದಳು.

“ಅಯ್ಯಯ್ಯೋ! ಏನಾಯ್ತು?”

“ಏನೂ ಆಗಿಲ್ರಿ. ಬೈಯೋ ದನಿ ಇನ್ನಾ ನುಣ್ಣಗಾಗ್ಯಾದ.”

ಕಟ್ಟೆಯೆಲ್ಲ ನಕ್ಕಿತು. ತುದಿಯಲ್ಲಿ ಕೂತಿದ್ದ ಒಬ್ಬಳು ಮಾತ್ರ ನಗಲಿಲ್ಲ. ನಡುವಯಸ್ಸು, ಬಿಸಿಲಿಗೆ ಕಪ್ಪಾದ ಮೈ, ಮಡಿಲಲ್ಲಿ ಪಾಟಿ. ಗಂಡ ಹೆಂಡತಿ ಇಬ್ಬರೂ ಕೂಲಿ ಮಾಡುವವರು. ಕಬ್ಬಿನ ಸುಗ್ಗಿ ಬಂತೆಂದರೆ ಗಂಡ ಕಬ್ಬು ಕಡಿಯಲು ಹೋಗುತ್ತಿದ್ದ. ಒಬ್ಬಳೇ ಮಗಳನ್ನು ಬಸವಕಲ್ಯಾಣಕ್ಕೆ ಕೊಟ್ಟಿದ್ದರು.

“ನನಗ ಬಸ್ಸಿನ ಬೋರ್ಡ್ ಓದಾಕ ಬಂದ್ರ ಸಾಕು ಯಣ್ಣಾ,” ಎಂದಳು.

ಯಾಕೆಂದು ಕೇಳಿದ್ದಕ್ಕೆ ಬಿಡಿಬಿಡಿಯಾಗಿ ಹೇಳಿದಳು. ಹಿಂದೆ ಮಗಳ ಚೊಚ್ಚಲ ಬಸಿರಿಗೆ ಕುಬಸ ಇಟ್ಟುಕೊಂಡಿದ್ದರು. ತವರಿನವರು ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬುವ ಕಾರ್ಯ ಅದು. ಗಂಡ, ಹಿರಿಯರು ಬೆಳಿಗ್ಗೆಯೇ ಹೋದರು. ಹೋಳಿಗೆ ಮುಗಿಸಿ ಹಿಂದಿನ ಬಸ್ಸಿಗೆ ಬರುತ್ತೇನೆಂದು ಇವಳು ಉಳಿದಳು. ಸ್ಟ್ಯಾಂಡಿನ ಗದ್ದಲದಲ್ಲಿ ಯಾರೋ ‘ಹತ್ತು, ಹತ್ತು’ ಎಂದರು, ಹತ್ತಿದಳು. ಇಳಿದು ನೋಡಿದರೆ ಮನ್ನಾಏಖೇಳ್ಳಿ! ಕಲ್ಯಾಣ ಪಶ್ಚಿಮಕ್ಕಾದರೆ ಅದು ಪೂರ್ವಕ್ಕೆ. ತಿರುಗಿ ಹುಮನಾಬಾದಿಗೆ ಬರುವಷ್ಟರಲ್ಲಿ ಕಲ್ಯಾಣದ ಬಸ್ಸುಗಳೆಲ್ಲ ಹೋಗಿದ್ದವು. ಹಸಿರು ಸೀರೆ ಇವಳ ಗಂಟಿನಲ್ಲೇ ಇತ್ತು.

“ಮಗಳು ಹಳೀ ಸೀರಿ ಉಟ್ಕೊಂಡು ಬಾಗಲಾ ನೋಡ್ಕೋತ ಕುಂತಿತ್ತಂತ. ಬೀಗರು ನಕ್ಕರು. ನಗ್ಲಿ ಬಿಡು. ಖರೆ ಆಕಿ ಕುಂತಿದ್ದು ನನ್ನ ಕಣ್ಣಾಗಿಂದ ಹೋಗವಲ್ದು. ಈಗ ಎರಡನೇದು ಅದ ಆಕಿಗಿ. ಬಾಣಂತನ ಅಲ್ಲೇ ಕಲ್ಯಾಣದಾಗ. ‘ಯವ್ವಾ, ನೀ ಬಾಜೂಕ ಇದ್ರ ಸಾಕು’ ಅಂದಾಳ.”

“ಗಂಡ ಕರ್ಕೊಂಡು ಹೋಗಂಗಿಲ್ಲೇನು?”

“ಸುಗ್ಗಿ ಬಿಟ್ಟು ಹ್ಯಾಂಗ ಬರ್ತಾರ? ಒಬ್ಬಾಕಿ ಹೋಗ್ತೀನಂದ್ರ, ‘ಮತ್ತ ಮನ್ನಾಏಖೇಳ್ಳಿ ನೋಡ್ಬೇಕೇನು?’ ಅಂತಾರ. ‘ಸಾಕ್ಷರತಾ ಪರೀಕ್ಷಾ ಪಾಸಾಗಿ ತೋರಸು, ಆಮ್ಯಾಗ ಎಲ್ಲಿ ಬೇಕಲ್ಲಿ ಹೋಗು’ ಅಂದಾರ.”

ಇದನ್ನು ಅವನು ಚೇಷ್ಟೆಗೆ ಹೇಳಿದ್ದ. ಅವಳು ಹಿಡಿದುಕೊಂಡು ಕೂತಿದ್ದಳು. ಉಳಿದವರಿಗೆ ಆ ಪರೀಕ್ಷೆ ಒಂದು ಕಾಗದ. ಅವಳಿಗೆ ಅದು ಮಗಳ ಹಾಸಿಗೆಯ ಪಕ್ಕದ ಜಾಗ.

“ಬೋರ್ಡ್ ಅಂದ್ಯಲ್ಲ, ನೀ ಬರಾಬರ್ ಮನಷ್ಯಾನ ಹಂತ್ಯಾಕ ಬಂದೀ,” ಎಂದು ಎದೆ ತಟ್ಟಿಕೊಂಡೆ. ಮರುದಿನವೇ ಅಂಗಡಿಯಿಂದ ನನ್ನ ಕೈಯ ತಗಡುಗಳನ್ನು ಹೊತ್ತು ತಂದೆ. ಹುಮನಾಬಾದ, ಕಲ್ಯಾಣ, ರಾಜೇಶ್ವರ, ಮನ್ನಾಏಖೇಳ್ಳಿ, ಜೊತೆಗೆ ಜೀಪಿನವರು ಬರೆಸಿದ್ದ ಹುಡಗಿ ಎಂಬ ಊರಿನದು. ಅಆಇಈ ಯಾರಿಗೆ ಬೇಕು? ಕೆಲವೇ ಸಂಜೆಗಳಲ್ಲಿ ಯಾವ ತಗಡು ಎತ್ತಿದರೂ ಅವಳು ಪಟಪಟನೆ ಹೇಳತೊಡಗಿದಳು. ಮೇಡಂ ಬಂದಾಗ ನನ್ನ ಮೀಸೆ ಕಿವಿ ಮುಟ್ಟಿತ್ತು.

ಮೇಡಂ ಸೀಮೆಸುಣ್ಣದಿಂದ ಪಾಟಿಯ ಮೇಲೆ ‘ರಾಜೇಶ್ವರ’ ಎಂದು ಬರೆದು ಅವಳ ಮುಂದೆ ಹಿಡಿದರು. ಅವಳು ಪಾಟಿಯನ್ನು ಹಿಂದೆ ಮುಂದೆ ತಿರುಗಿಸಿದಳು.

“ಇದರಾಗ ಕಿವಿತೂತ ಇಲ್ಲಲ್ರಿ,” ಎಂದಳು.

ಗುಟ್ಟು ಆಗ ಹೊರಗೆ ಬಂತು. ರಾಜೇಶ್ವರದ ತಗಡಿನ ಮೂಲೆಯಲ್ಲಿ ಮೊಳೆ ಹೊಡೆದ ತೂತಿತ್ತು. ಮನ್ನಾಏಖೇಳ್ಳಿಯದು ಎಲ್ಲಕ್ಕಿಂತ ಉದ್ದದ ತಗಡು. ಕಲ್ಯಾಣದ ತಗಡಿಗೆ ನನ್ನ ಬ್ರಷ್ಷಿನಿಂದ ಒಂದು ಹನಿ ಕಪ್ಪು ಬಣ್ಣ ಬಿದ್ದು ಒಣಗಿತ್ತು, ಅದಕ್ಕೆ ಅವಳಿಟ್ಟ ಹೆಸರು ದೃಷ್ಟಿಬೊಟ್ಟು. ಅಕ್ಷರವನ್ನು ಅವಳು ನೋಡಿಯೇ ಇರಲಿಲ್ಲ. ನನ್ನ ಕೈಯಿಂದ ಹನಿ ಬೀಳುತ್ತದೆ ಎಂಬುದು ಊರಿಗೆ ಗೊತ್ತಾದದ್ದು ಅವತ್ತೇ.

ಮೇಡಂ ಗೋಡೆಯ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಕಲಿತ ಅಕ್ಷರಗಳನ್ನು ಹೊಸ ಪದಗಳಲ್ಲಿ ಗುರುತಿಸಿ ಓದಬಲ್ಲರು.’

“ಗುರಿ ಬರಾಬರ್ ಹಿಡದೀರಿ ಕಾಕಾ. ಖರೆ ನಾಳಿ ಬಸ್ಸಿನವರು ಹೊಸಾ ತಗಡ ಹಾಕಿದ್ರ ಈ ಅಕ್ಕ ಏನ್ ಮಾಡ್ಬೇಕು?”

ಆಮೇಲೆ ಆ ಹಾಳೆಯನ್ನು ಬಹಳ ಹೊತ್ತು ನೋಡಿದೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಬರೆಯುವ ಮೊದಲು ದಾರಕ್ಕೆ ಸುಣ್ಣದ ಪುಡಿ ತಿಕ್ಕಿ, ಎರಡು ತುದಿ ಬಿಗಿಹಿಡಿದು, ನಡುವೆ ಎತ್ತಿ ಬಿಟ್ಟರೆ ಬೋರ್ಡಿನ ಮೇಲೆ ಬಿಳಿ ಗೆರೆ ಬೀಳುತ್ತದೆ. ಮೇಲೊಂದು, ಕೆಳಗೊಂದು. ಅಕ್ಷರ ಆ ಎರಡರ ನಡುವೆ ನಿಲ್ಲಬೇಕು. ಬಣ್ಣ ಒಣಗಿದ ಮೇಲೆ ಗೆರೆಯನ್ನು ಒರೆಸಿಬಿಡುತ್ತೇವೆ. ಗೆರೆ ಚೆಂದ ಹೊಡೆದಿದ್ದೀರಿ ಎಂದು ಯಾವ ಗಿರಾಕಿಯೂ ನನ್ನನ್ನು ಹೊಗಳಿಲ್ಲ. ಆದರೆ ಗೆರೆ ಇಲ್ಲದೆ ಬರೆದು ನೋಡಿ, ‘ಕಿರಾಣಿ’ಯ ಕಿ ಅಟ್ಟದ ಮೇಲೆ, ಣಿ ಗಟಾರದಲ್ಲಿ.

“ಇದು ಸುಣ್ಣದ ದಾರ ಅಲ್ರೇನು ಮೇಡಂ?” ಎಂದೆ.

“ಹೌದ್ರಿ ಕಾಕಾ! ಇದನ್ನ ನಾ ಮುಂದಿನ ಟ್ರೇನಿಂಗಿನಾಗ ಹೇಳ್ತೀನಿ.”

“ನನ್ನ ಹೆಸರು ಹೇಳೇ ಹೇಳ್ರಿ ಮತ್ತ.”

ಹೇಳಲಿಲ್ಲ ಅನಿಸುತ್ತದೆ. ಯಾರೂ ಹಾರ ತಂದು ಹಾಕಲಿಲ್ಲ.

ಅಲ್ಲಿಂದ ಊರ ಹೆಸರುಗಳನ್ನು ಒಡೆಯತೊಡಗಿದೆ. ರಾಜೇಶ್ವರದ ‘ರ’ ತೆಗೆದು ‘ಸರ’ಕ್ಕೆ ಹಚ್ಚಿದೆ. ಹುಮನಾಬಾದದ ‘ಮ’ ಹಿಡಿದು ‘ಮನೆ’ ಕಟ್ಟಿದೆ. ಮುದುಕಿಯ ಸಹಿಯ ಅಕ್ಷರ, ಸೊಸೆಯ ಶೀಶೆಯ ಅಕ್ಷರ, ಇವಳ ಬೋರ್ಡಿನ ಅಕ್ಷರ ಬೇರೆಬೇರೆ ದಾರಿಯಲ್ಲಿ ಹೊರಟು ಹಾಳೆಯ ಅದೇ ಮೆಟ್ಟಿಲಿಗೆ ಬಂದು ಸೇರುತ್ತಿದ್ದವು. ಇಷ್ಟಾದರೂ ನನ್ನ ಹಳೆಯ ಚಾಳಿ ಬಿಡಬೇಕಲ್ಲ? ದಿನಾ ಒಂದು ಪದವನ್ನು ಬೇಕೆಂತಲೇ ತಪ್ಪು ಬರೆಯುತ್ತಿದ್ದೆ. ಹಿಡಿದವರ ಮುಂದೆ ನಾನು ಕಿವಿ ಹಿಡಿದು ಕುಕ್ಕರಗಾಲಲ್ಲಿ ಕೂರಬೇಕು ಎಂಬುದು ಕರಾರು.

ಒಂದು ಸಂಜೆ ಪಾಟಿಯ ಮೇಲೆ ಬರೆದು ಹಿಡಿದೆ. “ಇದು ಯಾವ ಊರಿನ ಜೀಪು?”

ಎಲ್ಲರೂ ಹುಡಗಿ, ಹುಡಗಿ ಎಂದರು. ಅವಳು ಮಾತ್ರ ಹತ್ತಿರ ಬಂದು ಬಗ್ಗಿ ನೋಡಿದಳು. ಮುಖದಲ್ಲಿ ಮೆಲ್ಲಗೆ ನಗು ಮೂಡಿತು.

“ಯಣ್ಣಾ, ಡಕ್ಕ ಯಾಕ ಕೊಂಬು ಹಚ್ಚೀ? ಊರು ಹೋಗಿ ಹುಡುಗಿ ಆಯ್ತಲ್ಲೋ! ಈ ವಯಸ್ಸಿನಾಗ ನಿನಗ ಹುಡುಗಿ ಜೀಪ್ ಬೇಕೇನು? ಕುಂದ್ರು ಕೆಳಗ, ಕಿವಿ ಹಿಡಕೋ.”

ಹನುಮಂತದೇವರ ಎದುರಿಗೇ ಕಿವಿ ಹಿಡಿದು ಕುಳಿತೆ. ಅಷ್ಟು ಖುಷಿಯಿಂದ ನಾನು ಯಾವತ್ತೂ ಸೋತಿರಲಿಲ್ಲ.

ಇನ್ನು ಕಲ್ಯಾಣ ಒಂದೇ ಬಾಕಿ. ನಮ್ಮ ಕಡೆ ಬಾಯಿಮಾತಿಗೆ ಎಲ್ಲರೂ ಕಲ್ಯಾಣ ಎಂದೇ ಅನ್ನುತ್ತಾರೆ. ಬೋರ್ಡಿನ ಮೇಲೆ ಮಾತ್ರ ಪೂರಾ ಹೆಸರು, ಬಸವಕಲ್ಯಾಣ. ಬಳೆಯ ಬ ಅವಳಿಗೆ ಬರುತ್ತಿತ್ತು, ಸರದ ಸ ಬರುತ್ತಿತ್ತು, ವರನ ವ ಕೂಡ. ಮೂರನ್ನೂ ಸಾಲಾಗಿ ನಿಲ್ಲಿಸಿದರೆ ಬಾಯಿ ಮುಚ್ಚುತ್ತಿತ್ತು. “ಓದು” ಎಂದರೆ ಮೂರನ್ನೂ ದಾಟಿ “ಕಲ್ಯಾಣ” ಎನ್ನುತ್ತಿದ್ದಳು. ದಡ್ಡತನವೋ ಹಟವೋ ತಿಳಿಯದೆ ನಾನು ಮತ್ತೆ ಮತ್ತೆ ತೋರಿಸಿದೆ. ಕೊನೆಗೆ ಆ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತ, “ಅದು ಅವರ ಮನ್ಯಾರ ಹೆಸರ್ರೀ ಅಣ್ಣ,” ಎಂದಳು.

ಅಂದರೆ ಊರಿನ ಹೆಸರಿನ ಮೊದಲ ಮೂರಕ್ಷರವೇ ಅವಳ ಗಂಡನ ಹೆಸರು! ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಎತ್ತುವುದಿಲ್ಲ. ಹೇಳಲೇಬೇಕಾದರೆ ಲಗ್ನದಲ್ಲಿ ಹೊಸಿಲ ಮೇಲೆ, ಬಾಗಿಲು ತಡೆದ ನಾದಿನಿಯರ ಮುಂದೆ, ಒಡಪು ಕಟ್ಟಿ ಅದರೊಳಗೆ ಮುಚ್ಚಿ ಹೇಳಬೇಕು.

“ಹಂಗಾದ್ರ ಒಡಪಿನಾಗೇ ಓದವ್ವಾ,” ಎಂದಳು ಮುದುಕಿ.

“ಬಸ್ ಸ್ಟ್ಯಾಂಡಿನಾಗ ನಿಂತು ಒಡಪು ಹೇಳ್ಲೇನು? ಅವತ್ತ ಹೊಸಲಿನಾಗ ಹೇಳಿದ್ದೇ ಜೀವ ಹೋಗಿತ್ತು,” ಎಂದು ಇವಳು ಮುಖ ಮುಚ್ಚಿಕೊಂಡಳು.

“ತಂಗೆವ್ವಾ, ನಿನ್ನ ಗಂಡ ಕಲ್ಯಾಣಕ್ಕ ಕರ್ಕೊಂಡು ಹೋಗಂಗಿಲ್ಲ ಅಂದ್ಯಲ್ಲ. ಅವನೇ ಊರ ಬಾಗಲದಾಗ ನಿಂತಾನ, ಹ್ಯಾಂಗ ಕರ್ಕೊಂಡು ಹೋಗ್ತಾನ?” ಎಂದು ಕಾಡಿಸಿದೆ. ಆಮೇಲೆ, “ಬಾಯಿ ಬ್ಯಾಡ, ಕೈಯಿಂದ ಹೇಳು,” ಎಂದು ಬಳಪ ಕೊಟ್ಟೆ.

ಬರೆದಳು. ಮೂರಕ್ಷರ, ಒಂದರ ಭುಜಕ್ಕೆ ಒಂದು ತಾಗುವಂತೆ. ಅಷ್ಟು ಹೊತ್ತಿಗೆ ಇನ್ನೊಂದು ತೊಡಕು ಬಂತು. ಮುಂದಿನ ಪದ ಬರೆಯಲು ಪಾಟಿ ಒರೆಸಬೇಕಲ್ಲ? ಅವಳು ಒರೆಸಲೊಲ್ಲಳು. “ಮನ್ಯಾರ ಹೆಸರು ನನ್ನ ಕೈಯಿಂದ ಅಳಸ್ಲೇನು? ಬಿಡ್ತು ಅನ್ನು!” ನಾನು ಒರೆಸಲು ಹೋದರೆ ಪಾಟಿಯನ್ನು ಎದೆಗವಚಿಕೊಂಡಳು. ಮರುದಿನ ಬೇರೆ ಪಾಟಿ ಕೊಟ್ಟೆ, ಅದೂ ಹಾಗೇ ಆಯಿತು. ಆಂದೋಲನದ ಪಾಟಿಗಳೆಲ್ಲ ಒಬ್ಬನ ಹೆಸರಿಗೇ ಮುಗಿಯುವ ಹಾಗೆ ಕಂಡಾಗ ಅಂಗಡಿಯಿಂದ ಒಂದು ಚೂರು ತಗಡು ತಂದೆ. ದಾರ ಹಿಡಿದು ಗೆರೆ ಹೊಡೆದು, ಬ್ರಷ್ಷು, ಕಪ್ಪು ಬಣ್ಣ ಕೊಟ್ಟೆ. “ಇದರಾಗ ಬರಿ. ಅಳಿಸಂದ್ರೂ ಅಳಿಯಂಗಿಲ್ಲ.” ಉಸಿರು ಹಿಡಿದು ಬರೆದಳು. ಒಂದು ಹನಿಯೂ ಕೆಳಗೆ ಬೀಳಲಿಲ್ಲ, ಅದೊಂದು ನನಗೆ ಹೊಟ್ಟೆಕಿಚ್ಚಿನ ಸಂಗತಿ. ತಗಡು ಒಣಗಲೆಂದು ನನ್ನ ಅಂಗಡಿಯ ಮೊಳೆಗೆ ನೇತುಹಾಕಿದೆ.

ಪರೀಕ್ಷೆ ಬಸ್ ಸ್ಟ್ಯಾಂಡಿನ ಹಿಂದಿನ ಶಾಲೆಯಲ್ಲಿ. ಮಗಳಿಗೆ ದಿನ ತುಂಬಿತ್ತು, ಗಂಡ ಬೆಳಿಗ್ಗೆಯೇ ಕಬ್ಬಿನ ಹೊಲಕ್ಕೆ ಹೋಗಿದ್ದ. ಇವಳು ಕಂಕುಳಲ್ಲಿ ದೊಡ್ಡ ಗಂಟು ಇಟ್ಟುಕೊಂಡೇ ಬಂದಳು.

“ಪರೀಕ್ಷಾಕ್ಕ ಗಂಟ್ಯಾಕವ್ವಾ, ನಕಲು ಚೀಟಿ ತುಂಬೀಯೇನು?”

“ಬಾಣಂತಿಗಿ ಅಂಟಿನುಂಡಿ, ಕೂಸಿಗಿ ಕೌದಿ ಅದ ಯಣ್ಣಾ. ಪಾಸಾದ್ರ ಇಲ್ಲಿಂದ ಹಿಂಗೇ ಹೋಗ್ತೀನಿ.”

“ಆಗದಿದ್ರ?”

“ಆಗದಿದ್ರ ಉಂಡಿ ನೀನೇ ತಿಂದು ಕೌದಿ ಹೊಚ್ಕೊಂಡು ಮಲಕೋ.”

ಪರೀಕ್ಷೆ ಮಾಡಲು ಬೇರೆ ಊರಿನ ಒಬ್ಬ ಮಾಸ್ತರರು ಬಂದಿದ್ದರು. ಮುದುಕಿ ಸಹಿ ಹಾಕಿ, ಸೆರಗನ್ನು ಎಲ್ಲರಿಗೂ ತೋರಿಸಿದಳು, ಒಂದು ಚುಕ್ಕೆ ಮಸಿ ಇರಲಿಲ್ಲ. ಇವಳ ಸರದಿ ಬಂತು. ತನ್ನ ಹೆಸರು ಬರೆದಳು. ಲೆಕ್ಕ ಹೇಳಿದಳು. ಮಾಸ್ತರರು ಒಂದೊಂದೇ ಚೀಟಿ ಎತ್ತಿ ತೋರಿಸಿದರು, ಹುಮನಾಬಾದ ಎಂದಳು, ರಾಜೇಶ್ವರ ಎಂದಳು. ಮುಂದಿನ ಚೀಟಿ ಬಸವಕಲ್ಯಾಣದ್ದು.

“...ಕಲ್ಯಾಣ.”

“ಮೊದಲರ್ಧ ಎಲ್ಲಿ ಹೋತು? ಪೂರಾ ಓದಮ್ಮಾ.”

ಅವಳು ಗಂಟಿನ ಕಡೆ ನೋಡಿದಳು.

“ಅರ್ಧ ಪದ ಓದಿದ್ರ ಓದಿದಂಗಲ್ಲ,” ಎಂದು ಅವರು ಪೆನ್ನು ಎತ್ತಿದರು. ಮೇಡಂ ಓಡಿಬಂದು ವಿಷಯ ಹೇಳಿದರು. ಮಾಸ್ತರರು ಕೆಟ್ಟವರಲ್ಲ. “ನಮ್ಮ ಮನ್ಯಾಗೂ ಅದೇ ಪದ್ಧತಿ ಅದ ತಾಯಿ. ಖರೆ ಆಕಿಗಿ ಬರ್ತದೋ, ಅಂದಾಜಿನ ಮ್ಯಾಲ ಹೇಳ್ಯಾಳೋ, ನಾ ಹ್ಯಾಂಗ ತಿಳ್ಕೋಬೇಕು?”

ಮೇಡಂ ಚೀಲದಿಂದ ಅದೇ ಹಾಳೆಯ ಇನ್ನೊಂದು ಪ್ರತಿ ತೆಗೆದರು. “ನೋಡ್ರಿ ಸರ್, ‘ಓದಿ, ಅರ್ಥ ಮಾಡಿಕೊಂಡು, ಅದರಂತೆ ನಡೆಯಬಲ್ಲರು’ ಅಂತದ. ಒದರಿ ಹೇಳ್ಬೇಕಂತ ಎಲ್ಲದ?”

“ನಡೆಯಬಲ್ಲರು ಅಂತದಲ್ರಿ ಮಾಸ್ತರ್ರ? ಹಂಗಾದ್ರ ನಡೀರಿ ಸ್ಟ್ಯಾಂಡಿಗಿ,” ಎಂದೆ ನಾನು. ಇಂಥ ಮಾತು ನನಗೆ ಮಾತ್ರ ಹೊಳೆಯುತ್ತದೆ.

ಸ್ಟ್ಯಾಂಡಿನಲ್ಲಿ ಕಲ್ಯಾಣದ ಬಸ್ಸು, ಮನ್ನಾಏಖೇಳ್ಳಿಯ ಬಸ್ಸು ಅಕ್ಕಪಕ್ಕ ನಿಂತಿದ್ದವು. “ಕಂಡಕ್ಟರ್ ಒದರೋದು ಕೇಳಿ ಯಾರು ಬೇಕಾದ್ರೂ ಹತ್ತಬಹುದು,” ಎಂದರು ಮಾಸ್ತರರು. “ಅದಕ್ಕೂ ಔಷಧ ಅದ,” ಎಂದು ನಾನು ಹೋಗಿ, ನನ್ನ ಜೊತೆ ಚಹಾ ಕುಡಿಯುವ ಆ ಇಬ್ಬರು ಕಂಡಕ್ಟರುಗಳ ಕಿವಿಯಲ್ಲಿ ಊದಿಬಂದೆ. ಕಲ್ಯಾಣದ ಬಸ್ಸಿನವನು, “ಮನ್ನಾಏಖೇಳ್ಳಿ! ಮನ್ನಾಏಖೇಳ್ಳಿ!” ಎಂದು ಕೂಗತೊಡಗಿದ. ಮನ್ನಾಏಖೇಳ್ಳಿಯವನು, “ರಾಜೇಶ್ವರ, ಕಲ್ಯಾಣ! ಜಲ್ದಿ ಹತ್ತ್ರಿ!” ಎಂದ. ಚೀಲ ಹೊತ್ತ ರಾಜೇಶ್ವರದ ಒಬ್ಬ ಮುದುಕ ಹತ್ತಿದ, ಇಳಿದ, ಮತ್ತೆ ಹತ್ತಿದ, ಕೊನೆಗೆ ಎರಡೂ ಬಸ್ಸಿನ ವಂಶಕ್ಕೆ ಬೈದು ಚೀಲದ ಮೇಲೆ ಕೂತುಬಿಟ್ಟ. ನನಗೆ ನಗು ತಡೆಯದಾಯಿತು.

ಆಗ ಅವಳನ್ನು ನೋಡಿದೆ. ಕಲ್ಯಾಣ ಎಂದು ಕೂಗುತ್ತಿದ್ದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಗಡಿಬಿಡಿಯಲ್ಲಿ ಹತ್ತಿಬಿಟ್ಟರೆ ಅವಳನ್ನು ಎರಡನೆಯ ಸಲ ಮನ್ನಾಏಖೇಳ್ಳಿಗೆ ಕಳಿಸಿದವನು ನಾನೇ. ಬಾಯಿ ತೆರೆಯಲು ಹೋದೆ. ಮೇಡಂ ನನ್ನ ತೋಳು ಹಿಡಿದರು.

ಅವಳು ಕಾಲು ಹಿಂದೆಗೆದಳು. ಗಂಟು ಸರಿಮಾಡಿಕೊಂಡು ಬಸ್ಸಿನ ಮುಂದಕ್ಕೆ ಹೋಗಿ ತಲೆ ಎತ್ತಿ ನಿಂತಳು. ಅಲ್ಲಿಂದ ಇನ್ನೊಂದರ ಮುಂದಕ್ಕೆ. ಅದು ಹೊಸ ತಗಡು, ತೂತಿಲ್ಲ, ದೃಷ್ಟಿಬೊಟ್ಟಿಲ್ಲ. ತುಟಿ ಅಲುಗಿತು, ದನಿ ಬರಲಿಲ್ಲ. ಬೆರಳು ಗಂಟಿನ ಮೇಲೆ ಏನನ್ನೋ ತಿದ್ದಿತು. ಆಮೇಲೆ ನೆಟ್ಟಗೆ ಆ ಬಸ್ಸಿನ ಬಾಗಿಲಿಗೆ ಬಂದಳು.

ಕಂಡಕ್ಟರ್ ಅಡ್ಡ ನಿಂತ. “ಯಕ್ಕಾ, ಮನ್ನಾಏಖೇಳ್ಳಿ, ಮನ್ನಾಏಖೇಳ್ಳಿ ಅಂತ ಒದರಾಕತ್ತೇನಿ, ಕೇಳಸವಲ್ದೇನು?”

“ಕೇಳಸ್ತದೋ ತಮ್ಮಾ. ಮನ್ನಾಏಖೇಳ್ಳಿ ನಿನ್ನ ಬಾಯಾಗ ಅದ. ನಿನ್ನ ಗಾಡಿ ಮುಂದ ನಮ್ಮ ಮನ್ಯಾರು ಕುಂತಾರ, ಅವರ ಬೆನ್ನಿಗಿ ಕಲ್ಯಾಣ ಅದ. ಸರಿ, ದಾರಿ ಬಿಡು.”

ಮಾಸ್ತರರು ಕನ್ನಡಕ ತೆಗೆದು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಕಾಗದವನ್ನು ಬಸ್ಸಿನ ಮೈಗೇ ಒತ್ತಿಹಿಡಿದು ಪಾಸು ಎಂದು ಬರೆದರು. ಅವಳು ಕಿಟಕಿಯ ಪಕ್ಕ ಕೂತು ಗಂಟು ಬಿಚ್ಚಿ ಎಲ್ಲರಿಗೂ ಒಂದೊಂದು ಉಂಡೆ ಕೊಟ್ಟಳು. ನನಗೆ ಎರಡು ಕೊಟ್ಟು, “ಹಿಂಗ ಅಂಜಿಸಿದ್ದಕ್ಕ ಒಂದು ವಾಪಸ್ ಕೊಡು,” ಎಂದು ಕಸಿದುಕೊಂಡಳು. ಬಸ್ಸು ಹೊರಟಿತು.

ವಾರ ತುಂಬುವುದರೊಳಗೆ ಮಗಳಿಗೆ ಹೆಣ್ಣು ಕೂಸಾಯಿತು. ಅವ್ವ ಬಾಜೂಕೇ ಇದ್ದಳು. ನಾನು ಹೇಳಬೇಕಾದದ್ದು ಅವಳು ಹೋದ ಸಂಜೆಯದು.

ಅಂಗಡಿಯಲ್ಲಿ ಬ್ರಷ್ಷು ತೊಳೆಯುತ್ತಿದ್ದೆ. ಅವಳ ಗಂಡ ಬಂದ. ಕೈತುಂಬ ಕಬ್ಬಿನ ರವದಿಯ ಒಣಗರಿ ಗೀರಿದ ಗೆರೆಗಳು.

“ಪೇಂಟರ್ರ, ನಮ್ಮಾಕಿ ಇನ್ನಾ ಮನಿಗಿ ಬಂದಿಲ್ಲಲ್ರಿ.”

“ಬರಂಗಿಲ್ಲ. ಪಾಸಾದಳು, ಹೋದಳು.”

“ಎಲ್ಲಿಗಿ?”

“ನಿಮ್ಮ ಹೆಸರಿನ ಊರಿಗಿ.”

ಅವನು ಬಣ್ಣದ ಡಬ್ಬಿಯ ಮೇಲೆ ಕೂತ. “ಒಬ್ಬಾಕೀನೇ?”

“ಒಬ್ಬಾಕೀನೇ. ಕಲ್ಯಾಣದಾಗ ಇಳಿದು ಹೋದಳಂತ ಕಂಡಕ್ಟರ್ ಈಗಷ್ಟ ಹೇಳಿ ಹೋದ. ದಾರಿ ತುಂಬ ಅಂಗಡಿ ಬೋರ್ಡ್ ಓದಿ ಅವನ ತಲಿ ತಿಂದಾಳ.”

ನಡೆದದ್ದನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ‘ನಿನ್ನ ಗಾಡಿ ಮುಂದ ನಮ್ಮ ಮನ್ಯಾರು ಕುಂತಾರ’ ಎಂದಾಗ ಅವನು ತಲೆ ತಗ್ಗಿಸಿ ನಕ್ಕ. ಆಮೇಲೆ ಕೇಳಿದ. “ಹೆಸರು ಹೇಳಿದಳೇನು?”

“ಇಲ್ಲ.”

“ಲಗ್ನದಾಗ ಒಡಪಿನಾಗ ಹೇಳಿದ್ದಳಂತ. ಬ್ಯಾಂಡಿನವರು ಬಾರಸಾಕತ್ತಿದ್ರು, ನನಗ ಕೇಳಸಲಿಲ್ಲ.”

ನನ್ನ ನಾಲಿಗೆ ತುದಿಗೆ ಬಂದ ಚೇಷ್ಟೆ ಅಲ್ಲೇ ನಿಂತಿತು. ಮೊಳೆಯ ಮೇಲಿನ ತಗಡನ್ನು ತೆಗೆದು ಅವನ ಕೈಯಲ್ಲಿಟ್ಟೆ. ಅವನು ತಲೆಕೆಳಗು ಹಿಡಿದುಕೊಂಡ. ನೆಟ್ಟಗೆ ಮಾಡಿದೆ.

“ಇದು ನಾನೇನ್ರಿ?”

“ನೀವೇ. ಆಕೀ ಕೈಯಿಂದ.”

ಬಿರುಸು ಬೆರಳನ್ನು ಅಕ್ಷರದ ಮೇಲೆ ಇಟ್ಟ, ಹಸಿ ಇದ್ದೀತು ಎಂಬ ಅಂಜಿಕೆಯಿಂದ. “ಅಳಿಸಿ ಹೋಗ್ತದೇನು?”

“ಅಳಿಸಬಾರದಂತನೇ ಬಣ್ಣದಾಗ ಬರದಾಳ.”

ಬಹಳ ಹೊತ್ತು ನೋಡಿದ. ತಗಡನ್ನು ಅಂಗಿಯ ಒಳಗೆ ಸೇರಿಸಿಕೊಂಡು ಎದ್ದ, ಬಾಗಿಲ ತನಕ ಹೋಗಿ ತಿರುಗಿ ನಿಂತ.

“ನನಗೂ ಒಂದು ಹೆಸರು ಬರಿಯಾಕ ಕಲಸ್ತೀರೇನ್ರಿ? ಆಕಿ ಬರೋದರಾಗ?”

“ಅದೇ ತಗಡಿನ ಮ್ಯಾಲ ತಿದ್ರಿ, ನಿಮ್ಮ ಹೆಸರು ಅಲ್ಲೇ ಅದಲ್ಲ.”

“ನಂದಲ್ರಿ.” ಕುತ್ತಿಗೆ ಕೆರೆದುಕೊಂಡ. “ಆಕೀದು.”

ಮೇಡಂ ಅವರ ಹಾಳೆಯ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಮೊದಲ ಸಾಲು ‘ತನ್ನ ಹೆಸರನ್ನು ಬರೆಯಬಲ್ಲರು’ ಎಂದಿತ್ತು. ಅಚ್ಚು ಹಾಕಿದವರಿಗೆ ಇಂಥ ವಿದ್ಯಾರ್ಥಿ ಬರುತ್ತಾನೆಂದು ಗೊತ್ತಿರಲಿಲ್ಲ. ಇರಲಿ, ಗೆರೆ ಇದ್ದರಾಯಿತು. ಇನ್ನೊಂದು ಚೂರು ತಗಡು ಹುಡುಕಿ ತಂದೆ. ದಾರಕ್ಕೆ ಸುಣ್ಣ ತಿಕ್ಕಿ ಒಂದು ತುದಿ ಅವನ ಕೈಗೆ ಕೊಟ್ಟೆ. ಮೇಲೊಂದು, ಕೆಳಗೊಂದು ಗೆರೆ ಬಿತ್ತು.

“ಹೆಸರು ಹೇಳ್ರಿ ಈಗ.”

ಅವನು ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. ಇಷ್ಟು ವರ್ಷ ಅವಳನ್ನು ‘ಏ, ಕೇಳಿಲ್ಲಿ’ ಎಂದು ಕರೆದವನು, ಮಗಳು ಹುಟ್ಟಿದ ಮೇಲೆ ‘ಇಕಿ ಅವ್ವ’ ಎಂದವನು. ಕೊನೆಗೆ ಬಗ್ಗಿ, ಕೈ ಅಡ್ಡ ಹಿಡಿದು, ನನ್ನ ಕಿವಿಯಲ್ಲಿ ಹೇಳಿದ.

ಊರಿನ ಗುಟ್ಟುಗಳನ್ನೆಲ್ಲ ಡಂಗುರ ಹೊಡೆದವನು ನಾನು. ಆ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅವತ್ತು ತಗಡಿನ ಮೇಲೆ ಅವನ ಕೈ ಹಿಡಿದು ಬರೆಸಿದ್ದೇನೆ, ಒಂದು ಹನಿ ಬಿತ್ತು, ಅದು ನನ್ನದೇ.